ಐದೂವರೆ ಮನೆಯ ಹಮ್ ಕೊನೆಗೂ ಸಿಕ್ಕಿಬಿತ್ತು

ನಮ್ಮ ಬ್ಯಾಂಡಿನ ಗಿಟಾರ್ ಆಂಪಿನಿಂದ (ಗಿಟಾರಿನ ಸದ್ದು ಹೆಚ್ಚಿಸುವ ಪೆಟ್ಟಿಗೆ) ಬರುತ್ತಿದ್ದ ಹಮ್, ಅಂದರೆ ಗುಂಯ್ ಅನ್ನುವ ಸದ್ದು, ಹೋಯಿತು. ಗಿಟಾರ್ ವಾಲ್ಯೂಮ್ ಪೂರ್ತಿ ಏರಿಸಿ, ತಂತಿಗಳ ಮೇಲೆ ಅಂಗೈ ಇಟ್ಟು, ಆಂಪ್ ಮುಂದೆ ಕೂತು ಕೇಳಿದರೂ ಈಗ ಸಣ್ಣ ಹಿಸ್ ಬಿಟ್ಟರೆ ಏನೂ ಇಲ್ಲ. ಅದೂ ವೇದಿಕೆಯ ದೊಡ್ಡ ಪರದೆ, ಎಲ್‌ಇಡಿ ವಾಲ್, ಉರಿಯುತ್ತಿರುವಾಗ! ರಾಜ್ಯೋತ್ಸವದ ಷೋಗಳಿಂದ ಶುರುವಾಗಿ ಕಾಲೇಜ್ ಫೆಸ್ಟ್‌ಗಳು ಮುಗಿಯುವವರೆಗೂ ನಮ್ಮ ಬೆನ್ನು ಹತ್ತಿದ್ದ ಸಮಸ್ಯೆ ಇದು. ಯಾರಿಗಾದರೂ ಉಪಯೋಗ ಆಗಲಿ ಅಂತ ಪೂರ್ತಿ ಬರೆಯುತ್ತಿದ್ದೇನೆ.

ಪೆಡಲ್‌ಬೋರ್ಡ್ (ಗಿಟಾರಿನ ಸದ್ದು ಬದಲಿಸುವ ಪೆಡಲ್‌ಗಳ ಹಲಗೆ) ಕಟ್ಟಿದ ಕತೆ ಬೇಡ, ನಿಮಗೆಲ್ಲ ಗೊತ್ತಿರುವುದೇ. ಐಸೊಲೇಟೆಡ್ ಪವರ್ ಸಪ್ಲೈ ಇದೆ. ಗಿಟಾರ್ ಒಳಗೆ ತಾಮ್ರದ ಟೇಪ್ ಅಂಟಿಸಿದೆ. ಪಿಕಪ್ ಹಂಬಕರ್, ಹಮ್ ಅಳಿಸುವ ಜಾತಿಯದು. ಮಿಕ್ಸರ್‌ಗೆ ಹೋಗುವ ಎಲ್ಲ ಲೈನೂ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ (ವಾದ್ಯವನ್ನು ಮಿಕ್ಸರಿಗೆ ಜೋಡಿಸುವ ಪೆಟ್ಟಿಗೆ) ಮೂಲಕ, ಗ್ರೌಂಡ್ ಸಂಪರ್ಕ ಕಡಿಯುವ ಗ್ರೌಂಡ್ ಲಿಫ್ಟ್ ಒತ್ತಿಯೇ ಹೋಗುತ್ತದೆ. ಪುಸ್ತಕದಲ್ಲಿ ಹೇಳುವುದೆಲ್ಲ ಆಗಿತ್ತು. ಬೆಂಗಳೂರಿನ ಪ್ರಾಕ್ಟೀಸ್ ರೂಮಿನಲ್ಲಿ ಪಿನ್ ಡ್ರಾಪ್ ಸೈಲೆನ್ಸ್. ಟೆಂಪೊ ಟ್ರಾವೆಲರ್ ಹತ್ತಿ ಊರು ಬಿಟ್ಟರೆ ಗುಂಯ್ ಅನ್ನುವ ಸದ್ದು.

ಟೂರ್‌ನಲ್ಲಿ ಇಂಥದ್ದನ್ನು ಹುಡುಕುವುದು ಯಾಕೆ ಕಷ್ಟ ಅಂತ ರೋಡಿಗೆ ಇಳಿದವರಿಗೆ ಗೊತ್ತು. ರಾತ್ರಿಯಿಡೀ ಪ್ರಯಾಣ. ಬೆಳಿಗ್ಗೆ ಯಾವುದೋ ಹಾಸ್ಟೆಲ್ ಕೋಣೆಯಲ್ಲಿ ಒಂದು ಗಂಟೆ ನಿದ್ದೆ. ನಾಲ್ಕಕ್ಕೆ ಸೌಂಡ್ ಚೆಕ್ ಅಂತ ಹೇಳಿರುತ್ತಾರೆ, ಆ ಹೊತ್ತಿಗೆ ವೇದಿಕೆ ಮೇಲೆ ಮೊಳೆ ಹೊಡೆಯುತ್ತಿರುತ್ತಾರೆ. ಆಮೇಲೆ ಸ್ವಾಗತ, ಸನ್ಮಾನ, ಶಾಲು, ಭಾಷಣ. ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಿಸಲೇಬೇಕು, ಅದು 2000ದ ಶಬ್ದಮಾಲಿನ್ಯ ನಿಯಮ. ಇದರ ಮಧ್ಯೆ ಮಲ್ಟಿಮೀಟರ್ ಹಿಡಿದು ಕೂರಲು ಸಿಗುವುದು ಹದಿನೈದು ನಿಮಿಷ. ಷೋ ಮುಗಿಯುತ್ತಿದ್ದ ಹಾಗೆ ಷಾಮಿಯಾನದವರು ಲೈನ್ ಕಿತ್ತುಬಿಡುತ್ತಾರೆ. ಸಾಕ್ಷಿಯೆಲ್ಲ ಲಾರಿ ಹತ್ತಿ ಹೋಗುತ್ತದೆ.

ಮೊದಲ ಸುಳಿವು ಮಣ್ಣು. ನವೆಂಬರ್‌ನಲ್ಲಿ ಮಂಗಳೂರಲ್ಲಿ ಹಮ್ ಹುಡುಕಿದರೂ ಸಿಗಲಿಲ್ಲ. ಶಿರಾಡಿ ಘಾಟಿ ಹತ್ತಿ ಹಾಸನಕ್ಕೆ ಬಂದರೆ ಸ್ವಲ್ಪ. ಮಾರ್ಚ್‌ನಲ್ಲಿ ಬಳ್ಳಾರಿ ಕಡೆ ಹೋದಾಗ ಎರಡು ಹಾಡುಗಳ ಮಧ್ಯೆ ಮಾತಾಡಲೂ ಕಷ್ಟ. ಸಾಮಾನು ಅದೇ, ಕೇಬಲ್ ಅದೇ. ಬದಲಾಗಿದ್ದು ನೆಲದ ಹಸಿ. ಒಣಗಿದ ನೆಲಕ್ಕೆ ಹೊಡೆದ ಅರ್ಥ್ ರಾಡ್ ಸರಿಯಾಗಿ ಹಿಡಿಯುವುದಿಲ್ಲ. ಅದಕ್ಕೇ ಅಲ್ವಾ ಹಳಬರು ಅರ್ಥ್ ಗುಂಡಿಗೆ ಇದ್ದಿಲು, ಉಪ್ಪು ಹಾಕಿ ನೀರು ಬಿಡುವುದು. ಹಾಗಾದರೆ ತೊಂದರೆ ನಮ್ಮ ಪೆಡಲ್‌ಗಳಲ್ಲಿ ಇಲ್ಲ, ಎಲ್ಲೋ ಅರ್ಥಿಂಗ್‌ನಲ್ಲಿ ಇದೆ ಅನ್ನುವುದು ಅಲ್ಲಿಗೆ ಖಾತ್ರಿ ಆಯಿತು. ಆದರೆ ಯಾರ ಅರ್ಥಿಂಗ್?

ಎರಡನೇ ಸುಳಿವು ಕೊಟ್ಟಿದ್ದು ನಮ್ಮ ಗಾಯಕಿ. ಅವರು ಕರ್ನಾಟಕ ಸಂಗೀತ ಕಲಿತವರು, ಐದೂವರೆ ಮನೆ ಶ್ರುತಿಯಲ್ಲಿ (ಪಾಶ್ಚಾತ್ಯ ಲೆಕ್ಕದಲ್ಲಿ ಜಿ ಷಾರ್ಪ್) ಅಭ್ಯಾಸ ಮಾಡುವವರು. ದಾವಣಗೆರೆಯಲ್ಲಿ ಸೌಂಡ್ ಚೆಕ್ ನಡೆಯುವಾಗ, "ನಿಮ್ಮ ಹಮ್ ಇವತ್ತು ಅರ್ಧ ಮನೆ ಮೇಲೆ ಹೋಗಿದೆ" ಅಂದರು. ಡ್ರಮ್ಮರ್ ಬಿದ್ದು ಬಿದ್ದು ನಕ್ಕು, "ತಂಬೂರಿ ದುಡ್ಡು ಉಳೀತು ಬಿಡಿ, ಅವರ ಶ್ರುತಿಗೇ ಸೆಟ್ ಆಗಿದೆ" ಅಂದ. ನನಗೆ ಮಾತ್ರ ಮೈ ಜುಮ್ ಅಂದಿತು.

ಯಾಕೆ ಅಂದರೆ, ನಮ್ಮ ಗ್ರಿಡ್ ಕರೆಂಟ್ 50 ಹರ್ಟ್ಸ್. ಗ್ರಿಡ್ಡನ್ನು 49.90ರಿಂದ 50.05ರ ಒಳಗೇ ಇಡಲು ನೋಡುತ್ತಾರೆ. ಬೇಸ್ ಗಿಟಾರಿನ ಇ ತಂತಿಯ ಮೂರನೇ ಫ್ರೆಟ್, ಅಂದರೆ ಜಿ, 49 ಹರ್ಟ್ಸ್. ಹಾಗಾಗಿ ಗ್ರಿಡ್ಡಿನ ಹಮ್ಮನ್ನು ಟ್ಯೂನರಿಗೆ ಕೇಳಿಸಿದರೆ ಜಿ ತೋರಿಸಿ, ಮುಳ್ಳು 35 ಸೆಂಟ್ ಮೇಲೆ ನಿಲ್ಲುತ್ತದೆ (ಜಿಯಿಂದ ಜಿ ಷಾರ್ಪ್‌ಗೆ 100 ಸೆಂಟ್). ಇದು ಐದು ಮನೆ. ಎರಡನೇ ಹಾರ್ಮೋನಿಕ್ 100 ಹರ್ಟ್ಸ್ ಆದರೂ ಅದೇ ಸ್ವರ, ಒಂದು ಸ್ಥಾಯಿ ಮೇಲೆ ಅಷ್ಟೇ. ಫೋನಿನ ಟ್ಯೂನರ್ ಆ್ಯಪ್ ಅನ್ನು ಆಂಪ್ ಮುಂದೆ ಹಿಡಿದೆ. ಜಿ ಷಾರ್ಪ್! ಮುಳ್ಳು ಹೆಚ್ಚುಕಡಿಮೆ ನಟ್ಟನಡುವೆ. ಅಂದರೆ 52 ಹರ್ಟ್ಸ್. ಗಾಯಕಿ ಹೇಳಿದ್ದು ಅಕ್ಷರಶಃ ನಿಜ.

52 ಹರ್ಟ್ಸ್ ಯಾವ ಗ್ರಿಡ್ಡಿನಿಂದಲೂ ಬರುವುದಿಲ್ಲ. ಅದು ಡೀಸೆಲ್ ಜನರೇಟರಿನ ಸದ್ದು. ನಾಲ್ಕು ಪೋಲಿನ ಆಲ್ಟರ್ನೇಟರ್ 1500 ಆರ್‌ಪಿಎಂನಲ್ಲಿ ತಿರುಗಿದರೆ 50 ಹರ್ಟ್ಸ್. ವೇಗ ಹಿಡಿತದಲ್ಲಿಡುವ ಗವರ್ನರ್ ಹಳೆ ಮೆಕ್ಯಾನಿಕಲ್ ಜಾತಿಯದಾದರೆ ಲೋಡ್ ಕಡಿಮೆ ಇದ್ದಾಗ 1560ರ ಹತ್ತಿರ ಓಡುತ್ತದೆ, ಅದೇ 52. ಲೋಡ್ ಬಿದ್ದ ಹಾಗೆ ಕೆಳಗಿಳಿಯುತ್ತದೆ. ಆದರೆ ಅವತ್ತು ನಮ್ಮ ಸ್ಟೇಜಿನ ಎಲ್ಲ ಆಂಪ್‌ಗಳಿಗೂ ಕಾಲೇಜಿನ ಮಾಮೂಲಿ ಕರೆಂಟ್ ಇತ್ತು. ಮಿಕ್ಸರಿಗೂ ಅದೇ. ಜನರೇಟರ್ ಇದ್ದದ್ದು ಒಂದೇ ಒಂದು, ಹಿಂದುಗಡೆ, ಎಲ್‌ಇಡಿ ವಾಲ್‌ಗೆ. ನಮ್ಮ ಗಿಟಾರ್ ಆಂಪಿನಲ್ಲಿ ಬೇರೆಯವರ ಜನರೇಟರ್ ಹಾಡುತ್ತಿತ್ತು!

ಪರೀಕ್ಷೆ ಮಾಡಿಬಿಡೋಣ ಅಂತ ವಾಲ್ ನೋಡಿಕೊಳ್ಳುವ ಹುಡುಗನಿಗೆ ಪರದೆ ಪೂರ್ತಿ ಬಿಳಿ ಮಾಡು ಅಂದೆ. ಬಿಳಿ ಅಂದರೆ ಅತಿ ಜಾಸ್ತಿ ಲೋಡ್. ಜನರೇಟರ್ ಗುರ್ ಅಂತ ತಗ್ಗಿತು, ಅದರ ಜೊತೆಗೇ ಆಂಪಿನ ಹಮ್ಮೂ ಜಿ ಷಾರ್ಪ್‌ನಿಂದ ಕೆಳಗೆ ಜಾರಿತು. ಪರದೆ ಕಪ್ಪು ಮಾಡಿದ, ಮತ್ತೆ ಮೇಲೆ. ಆ ಖುಷಿ ಹೇಗೆ ಹೇಳಲಿ! ನಾವಿಬ್ಬರೂ ಸುಮ್ನೆ ಬಿಳಿ, ಕಪ್ಪು, ಬಿಳಿ, ಕಪ್ಪು ಆಡುತ್ತಾ ಕೂತೆವು. ಆಯೋಜಕರು ಬಂದು ಗದರಿದ ಮೇಲೆ ನಿಲ್ಲಿಸಿದ್ದು.

ಈಗ ದಾರಿ ಹುಡುಕುವುದು ಸುಲಭ. ನಮ್ಮ ಲ್ಯಾಪ್‌ಟಾಪ್‌ನಿಂದ ಕ್ಲಿಕ್ ಟ್ರ್ಯಾಕ್ (ತಾಳ ಹಿಡಿಯಲು ನಮಗೆ ಕೇಳಿಸುವ ಟಕ್ ಟಕ್) ಹೋಗುತ್ತದೆ, ದೃಶ್ಯಗಳೂ ಹೋಗುತ್ತವೆ. ದೃಶ್ಯಕ್ಕೆ ಎಚ್‌ಡಿಎಂಐ ಕೇಬಲ್ ವಾಲ್‌ನ ಪ್ರೊಸೆಸರಿಗೆ. ಅದೇ ಲ್ಯಾಪ್‌ಟಾಪ್ ಹಾಡಿಗೆ ತಕ್ಕ ಹಾಗೆ ಪೆಡಲ್‌ಬೋರ್ಡಿನ ಮಲ್ಟಿ ಎಫೆಕ್ಟ್ಸ್ ಪೆಡಲ್‌ನ ಪ್ಯಾಚ್, ಅಂದರೆ ಸದ್ದಿನ ಸೆಟ್ಟಿಂಗ್, ಬದಲಿಸುತ್ತದೆ. ಅದಕ್ಕೊಂದು ಯುಎಸ್‌ಬಿ ಕೇಬಲ್. ವಾಲ್‌ನ ಅರ್ಥ್, ಎಚ್‌ಡಿಎಂಐ ಷೀಲ್ಡ್, ಲ್ಯಾಪ್‌ಟಾಪ್, ಯುಎಸ್‌ಬಿ, ಪೆಡಲ್‌ಬೋರ್ಡ್, ಗಿಟಾರ್ ಕೇಬಲ್ಲಿನ ಷೀಲ್ಡ್, ಆಂಪ್, ಕಾಲೇಜಿನ ಅರ್ಥ್. ಎರಡು ಅರ್ಥ್‌ಗಳ ಮಧ್ಯೆ ಕರೆಂಟ್ ಸುತ್ತುವ ದಾರಿ, ಅಂದರೆ ಗ್ರೌಂಡ್ ಲೂಪ್, ಪೂರ್ತಿ. ಡಿಐ ಬಾಕ್ಸಿನ ಲಿಫ್ಟ್ ಈ ದಾರಿಯಲ್ಲಿ ಎಲ್ಲೂ ಬರುವುದೇ ಇಲ್ಲ. ಎಚ್‌ಡಿಎಂಐ ಕಿತ್ತೆ. ಹಮ್ ಮಾಯ.

ಆ ಕೇಬಲ್ಲಿನ ಮೈ ಮತ್ತು ಪ್ರೊಸೆಸರಿನ ಮೈ ಮಧ್ಯೆ ಮೀಟರ್ ಇಟ್ಟರೆ ಎಸಿ ಮೂರು ವೋಲ್ಟ್ ಹತ್ತಿರ. ಇಷ್ಟು ಎಲ್ಲಿಂದ ಅಂದರೆ, ವಾಲ್‌ನ ಒಂದೊಂದು ಪ್ಯಾನೆಲ್‌ನಲ್ಲೂ ಎಸ್‌ಎಂಪಿಎಸ್ ಅನ್ನುವ ಪವರ್ ಸಪ್ಲೈ ಇದೆ. ಒಂದೊಂದರ ಫಿಲ್ಟರ್ ಕೆಪಾಸಿಟರೂ ಅರ್ಥ್‌ಗೆ ಚೂರು ಕರೆಂಟ್ ಸೋರಿಸುತ್ತದೆ. ಒಂದಕ್ಕೆ 1 ಮಿಲಿಆಂಪ್ ಅಂತಿಟ್ಟುಕೊಳ್ಳಿ, 100 ಸಪ್ಲೈಗೆ 0.1 ಆಂಪ್. ವಾಲ್‌ನ ಅರ್ಥ್ ವೈರ್ ಜನರೇಟರಿಗೆ ವಾಪಸ್ ಹೋಗದೆ, ಒಣ ಮಣ್ಣಿಗೆ ಹೊಡೆದ ಕಬ್ಬಿಣದ ರಾಡಿಗೆ ಹೋಗಿತ್ತು. ಆ ರಾಡ್ 30 ಓಮ್ ಇದ್ದರೆ ಸಾಕು, 3 ವೋಲ್ಟ್ ಬಂತು. ಮಂಗಳೂರಿನ ಹಸಿ ನೆಲದಲ್ಲಿ ಓಮ್ ಕಡಿಮೆ, ಹಮ್ಮೂ ಕಡಿಮೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಲೇಬೇಕು. ಹಮ್ ಬಂದರೆ ಆಂಪ್ ಪ್ಲಗ್ಗಿನ ದಪ್ಪ ಅರ್ಥ್ ಪಿನ್ ಮುರಿ, ಹೋಗುತ್ತೆ ಅಂತ ಪ್ರತಿ ಊರಲ್ಲೂ ಒಬ್ಬರಾದರೂ ಹೇಳುತ್ತಾರೆ. ಹೋಗುವುದು ನಿಜ. ಜೀವವೂ ಹೋಗುತ್ತದೆ. ಸ್ಟೋನ್ ದ ಕ್ರೋಸ್ ಬ್ಯಾಂಡಿನ ಗಿಟಾರಿಸ್ಟ್ ಲೆಸ್ ಹಾರ್ವಿ 1972ರ ಮೇ ತಿಂಗಳಲ್ಲಿ ವೇಲ್ಸ್‌ನ ಸ್ವಾನ್ಸಿಯಲ್ಲಿ, ವೇದಿಕೆಯ ಮೇಲೆಯೇ, ಮೈಕ್ ಮುಟ್ಟಿ ಶಾಕ್ ಹೊಡೆದು ತೀರಿಕೊಂಡರು. ಒಂದು ಕೈ ಗಿಟಾರ್ ತಂತಿಯ ಮೇಲೆ, ತುಟಿ ಮೈಕಿನ ಮೇಲೆ ಇರುವ ಕೆಲಸ ನಮ್ಮದು. ಎರಡರ ಅರ್ಥ್ ಬೇರೆ ಬೇರೆ ಆದರೆ ಮಧ್ಯದ ವೈರ್ ನಾವೇ. ಪ್ಲಗ್ಗೇ ಇಲ್ಲದೆ ಬರಿ ವೈರ್ ತೂರಿಸಿ ಬೆಂಕಿಕಡ್ಡಿ ಸಿಕ್ಕಿಸಿದ ಬೋರ್ಡುಗಳನ್ನು ಎಷ್ಟು ಊರಲ್ಲಿ ನೋಡಿದ್ದೇನೆ! ಅಂಥಾ ಬೋರ್ಡ್ ಕಂಡರೆ ನಾವು ಆಂಪ್ ಹಾಕುವುದಿಲ್ಲ. ಆಯೋಜಕರು ಮುನಿಸಿಕೊಂಡರೂ ಪರವಾಗಿಲ್ಲ.

ಸರಿ, ಲೂಪ್ ಮುರಿಯುವುದು ಹೇಗೆ? ಎಚ್‌ಡಿಎಂಐ ಕಡೆ ಮುರಿಯಲು ಆಪ್ಟಿಕಲ್ ಕೇಬಲ್ ತಂದೆ. ಹೆಸರಿಗೆ ಆಪ್ಟಿಕಲ್, ಆದರೆ ಈ ಜಾತಿಯ ಬಹಳಷ್ಟು ಕೇಬಲ್‌ಗಳಲ್ಲಿ ಚಿತ್ರ ಮಾತ್ರ ಗಾಜಿನ ಎಳೆಯಲ್ಲಿ ಹೋಗುತ್ತದೆ. ಪವರ್, ಗ್ರೌಂಡ್ ಎಲ್ಲ ತಾಮ್ರದಲ್ಲೇ. ಮೀಟರ್ ಇಟ್ಟರೆ ಆ ತುದಿಯಿಂದ ಈ ತುದಿಗೆ ಬೀಪ್ ಅನ್ನುತ್ತದೆ. ಅಂಗಡಿಯವರನ್ನು ಕೇಳಿದರೆ, "ಸಾರ್, ಮೇಲೆ ಫೈಬರ್ ಅಂತ ಬರೆದಿದೆಯಲ್ಲ" ಅನ್ನುವ ಉತ್ತರ.

ಇನ್ನು ಯುಎಸ್‌ಬಿ ಕಡೆ ಮುರಿಯೋಣ ಅಂತ ಯುಎಸ್‌ಬಿ ಐಸೊಲೇಟರ್ ತರಿಸಿದೆ, ಎಡಿಯುಎಂ3160 ಚಿಪ್ಪಿನದು. ಅದು 12 ಎಂಬಿಪಿಎಸ್‌ವರೆಗೆ ಮಾತ್ರ. ಅದಕ್ಕಿಂತ ವೇಗ ಕೇಳುವ ನಮ್ಮ ಮಲ್ಟಿ ಎಫೆಕ್ಟ್ಸ್ ಅದರ ಹಿಂದೆ ಲ್ಯಾಪ್‌ಟಾಪಿಗೆ ಕಾಣಿಸಿಕೊಳ್ಳಲೇ ಇಲ್ಲ.

ಆಗ ವಾದ್ಯಗಳಿಗೆ ಆದೇಶ ಕಳಿಸುವ ಹಳೆ ಮಿಡಿ ನೆನಪಾಯಿತು. ಐದು ಪಿನ್ನಿನ ಡಿನ್ ಪ್ಲಗ್ಗಿನ ಮಿಡಿ 1983ರದ್ದು. ಅದನ್ನು ಮಾಡಿದವರಿಗೆ ನನ್ನ ದೊಡ್ಡ ನಮಸ್ಕಾರ. ಸಿಗ್ನಲ್ ತೆಗೆದುಕೊಳ್ಳುವ ಕಡೆ ಆಪ್ಟೊಕಪ್ಲರ್ (ವೈರ್ ತಾಗಿಸದೆ ಬೆಳಕಿನಲ್ಲಿ ಸಿಗ್ನಲ್ ದಾಟಿಸುವ ಚಿಪ್) ಇರಲೇಬೇಕು, ಷೀಲ್ಡ್ ಪಿನ್ 2 ಕಳಿಸುವ ಕಡೆ ಮಾತ್ರ ಗ್ರೌಂಡ್‌ಗೆ ಸೇರಬೇಕು ಅಂತ ಆಗಲೇ ಬರೆದಿಟ್ಟಿದ್ದಾರೆ. ಗ್ರೌಂಡ್ ಲೂಪ್ ಬರಲೇಬಾರದು ಅಂತಲೇ ಮಾಡಿದ್ದು! ಯುಎಸ್‌ಬಿ ಅನುಕೂಲಕ್ಕೆ ನಾವೆಲ್ಲ ಅದನ್ನು ಮೂಲೆಗೆ ಹಾಕಿದೆವು.

ಆನ್‌ಲೈನ್‌ನಲ್ಲಿ ಯುಎಸ್‌ಬಿಯಿಂದ ಡಿನ್‌ಗೆ ಬದಲಿಸುವ ಅಗ್ಗದ ಕೇಬಲ್ ಬಂತು. ಪ್ಯಾಚ್ ಬದಲಾಯಿತು, ಹಮ್ ಹೋಗಲಿಲ್ಲ. ನೋಡಿದರೆ ಅದರಲ್ಲಿ ಷೀಲ್ಡನ್ನು ಎರಡೂ ಪ್ಲಗ್ಗಿನ ಲೋಹದ ಮೈಗೆ ಸೇರಿಸಿ ಬೆಸುಗೆ ಹಾಕಿದ್ದಾರೆ. ಬಿಚ್ಚಿದರೆ ಇನ್‌ಪುಟ್ ಕಡೆ ಆಪ್ಟೊಕಪ್ಲರೇ ಇಲ್ಲ, ಆ ಜಾಗದಲ್ಲಿ ಎರಡು ರೆಸಿಸ್ಟರ್. ಹತ್ತು ರೂಪಾಯಿ ಉಳಿಸಲು ಇಡೀ ಉದ್ದೇಶವನ್ನೇ ಕಿತ್ತುಹಾಕಿದ್ದಾರಲ್ಲ! ಕೋಪ ಬಾರದೆ ಇರುತ್ತದೆಯೇ?

ಕೊನೆಗೆ ಲ್ಯಾಪ್‌ಟಾಪ್ ಮತ್ತು ಪೆಡಲ್‌ಬೋರ್ಡಿನ ಮಧ್ಯೆ ಕೂರುವ ಮಿಡಿ ಪೆಟ್ಟಿಗೆಯನ್ನು ನಾನೇ ಕಟ್ಟಿದೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ 6ಎನ್138 ಅನ್ನುವ ಆಪ್ಟೊಕಪ್ಲರ್ ತಂದೆ. ಪಿನ್ 7ರಿಂದ ಗ್ರೌಂಡಿಗೆ ರೆಸಿಸ್ಟರ್ ಹಾಕಿದ್ದರೂ ಪ್ಯಾಚ್ ಒಮ್ಮೊಮ್ಮೆ ತಪ್ಪುತ್ತಿತ್ತು. ಮಿಡಿ ವೇಗ 31,250 ಬಾಡ್, ಒಂದು ಬಿಟ್‌ಗೆ 32 ಮೈಕ್ರೊಸೆಕೆಂಡ್ ಅಷ್ಟೇ. ಆಸಿಲೊಸ್ಕೋಪಿನಲ್ಲಿ ನೋಡಿದರೆ ಅಂಚುಗಳೆಲ್ಲ ಬಾಗಿವೆ. ಚಿಪ್ಪಿನ ಮೇಲಿನ ಅಕ್ಷರ ಸ್ಪಿರಿಟ್ ಹಾಕಿ ಉಜ್ಜಿದರೆ ಬೆರಳಿಗೆ ಬಂತು. ಯಾವುದೋ ಹಳೆ ಚಿಪ್ಪಿಗೆ ಹೊಸ ಹೆಸರು ಹೊಡೆದು ಮಾರಿದ್ದಾರೆ. ಬೇರೆ ಕಡೆಯಿಂದ ಎಚ್11ಎಲ್1 ಅನ್ನುವ ಇನ್ನೊಂದು ಆಪ್ಟೊಕಪ್ಲರ್ ತರಿಸಿದೆ. ಅದರಲ್ಲಿ ಸಿಗ್ನಲ್ಲಿನ ಅಂಚು ಚೂಪು ಮಾಡುವ ಷ್ಮಿಟ್ ಟ್ರಿಗರ್ ಒಳಗೇ ಇದೆ, ಅಂಚು ಕತ್ತರಿಸಿದ ಹಾಗೆ ನೆಟ್ಟಗೆ ಬಂತು. 220 ಓಮಿನ ರೆಸಿಸ್ಟರ್‌ಗಳು, ಒಂದು ರಿವರ್ಸ್ ಡಯೋಡ್, ಪ್ಲಾಸ್ಟಿಕ್ ಪೆಟ್ಟಿಗೆ. ಡಿನ್ ಸಾಕೆಟ್ ಲೋಹದ ಪೆಟ್ಟಿಗೆಗೆ ತಾಗದಿರಲಿ ಅಂತಲೇ ಪ್ಲಾಸ್ಟಿಕ್. ಹುಬ್ಬಳ್ಳಿಯಲ್ಲಿ ಹಾಕಿ ನೋಡಿದೆವು, ವಾಲ್ ಜೊತೆಗೆ, ಜನರೇಟರ್ ಜೊತೆಗೆ, ಒಣ ನೆಲದ ಮೇಲೆ. ನಿಶ್ಶಬ್ದ. ಎಲ್ಲಕ್ಕಿಂತ ಮೊದಲು ಚಪ್ಪಾಳೆ ತಟ್ಟಿದ್ದು ಗಾಯಕಿ.

ಇನ್ನು ಮುಂದಿನ ಹುಚ್ಚು. ಸಣ್ಣ ವೇದಿಕೆಗಳಲ್ಲಿ ನಮ್ಮ ಸ್ಪೀಕರ್‌ಗಳನ್ನು ಹಿಂದುಗಡೆಯೇ ಇಟ್ಟು ನುಡಿಸಬೇಕು ಅಂತ ಬಹಳ ದಿನದ ಆಸೆ. ಆಗ ಮಾನಿಟರ್ ಬೇಡ, ಜನ ಕೇಳಿದ್ದನ್ನೇ ನಾವೂ ಕೇಳುತ್ತೇವೆ. ಅಮೆರಿಕದ ರಾಕ್ ಬ್ಯಾಂಡ್ ಗ್ರೇಟ್‌ಫುಲ್ ಡೆಡ್ 1974ರಲ್ಲಿ ಇದನ್ನೇ ಮಾಡಿದ್ದು. ವಾಲ್ ಆಫ್ ಸೌಂಡ್, ಸುಮಾರು 75 ಟನ್ ಸಾಮಾನು. ಒಂದು ಊರಲ್ಲಿ ಷೋ ನಡೆಯುವಾಗ ಮುಂದಿನ ಊರಲ್ಲಿ ಇನ್ನೊಂದು ಚೌಕಟ್ಟು ಕಟ್ಟುತ್ತಿದ್ದರು. ಖರ್ಚು ತಡೆಯಲಾಗದೆ ಆ ವರ್ಷವೇ ಅದನ್ನು ಬಿಟ್ಟರು. ಹಿಂದೆ ಅಷ್ಟು ಸ್ಪೀಕರ್ ಇದ್ದರೂ ಮೈಕ್ ಕೂಗದಂತೆ ಅವರು ಮಾಡಿದ ಉಪಾಯ ನನಗೆ ಬಲು ಇಷ್ಟ. ಒಬ್ಬ ಗಾಯಕನಿಗೆ ಎರಡು ಮೈಕ್, ಒಂದರ ಪೋಲಾರಿಟಿ ಉಲ್ಟಾ. ಹಾಡುವುದು ಒಂದಕ್ಕೆ ಮಾತ್ರ. ಹಿಂದಿನ ಸ್ಪೀಕರಿನ ಸದ್ದು ಎರಡಕ್ಕೂ ಸಮವಾಗಿ ಬಂದು ಒಂದನ್ನೊಂದು ಅಳಿಸಿಬಿಡುತ್ತದೆ.

75 ಟನ್ ನಮಗೆ ಬೇಡ, ಟೆಂಪೊ ಟ್ರಾವೆಲರ್ ಹಿಂದಿನ ಸೀಟಿನಲ್ಲಿ ಹಿಡಿಸುವಷ್ಟು ಸಾಕು. ಎರಡು ಎಲೆಕ್ಟ್ರೆಟ್ ಕ್ಯಾಪ್ಸೂಲ್ (ಪುಟ್ಟ ಮೈಕ್ ಬಿಲ್ಲೆ) ತಂದು ಬ್ರೆಡ್‌ಬೋರ್ಡಿನಲ್ಲಿ ಕೂಡಿಸಿದ್ದೇನೆ. ಕೆಳಗಿನ ಸ್ಥಾಯಿ ಚೆನ್ನಾಗಿ ಅಳಿಯುತ್ತಿದೆ, ಮೇಲಿನದು ಇನ್ನೂ ಬಗ್ಗುತ್ತಿಲ್ಲ. ಎರಡರ ಸೆನ್ಸಿಟಿವಿಟಿ ಹೊಂದಬೇಕು, ಒಂದೇ ಪ್ಯಾಕೆಟ್ಟಿನಿಂದ ತೆಗೆದರೂ ಹೊಂದುತ್ತಿಲ್ಲ. ಇಪ್ಪತ್ತು ಕ್ಯಾಪ್ಸೂಲ್ ತಂದು ಅಳೆದು ಜೋಡಿ ಹುಡುಕುವುದು ಒಂದು ದಾರಿ. ಟ್ರಿಮ್ ಪಾಟ್ (ತಿರುಗಿಸಿ ಹೊಂದಿಸುವ ಪುಟ್ಟ ರೆಸಿಸ್ಟರ್) ಹಾಕಿ ಸರಿ ಮಾಡುವುದು ಇನ್ನೊಂದು, ಆದರೆ ಘಾಟಿಯ ಕುಲುಕಾಟಕ್ಕೆ ಟ್ರಿಮ್ ಪಾಟ್ ತಾನೇ ತಿರುಗಿಬಿಡುತ್ತದೆ ಅನ್ನುವ ಭಯ. ಯಾರಾದರೂ ಜೋಡಿ ಮಾಡಿ ನೋಡಿದ್ದರೆ ಯಾವ ಕ್ಯಾಪ್ಸೂಲ್ ತಂದಿರಿ ಅಂತ ಹೇಳಿ. ಹೊಸ ಸೀಸನ್ ಗಣೇಶ ಹಬ್ಬಕ್ಕೆ ಶುರು, ಅಷ್ಟರೊಳಗೆ ಒಂದು ಮೈಕಾದರೂ ವೇದಿಕೆ ಹತ್ತಬೇಕು.