ಜಾತ್ರೆ ವಾಚು, ಲಕ್ಷದ ವಾಚು

ಕಾರವಾರದಲ್ಲಿ ಆಷಾಢದ ಮಳೆ ತುಸು ಹೊಳವಾದ ಮಧ್ಯಾಹ್ನ. ರಿಪೇರಿ ಮೇಜಿನ ಮೇಲೆ ಎರಡು ವಾಚು. ಒಂದು ಶಿರಸಿ ಮಾರಿಕಾಂಬಾ ಜಾತ್ರೆಯಲ್ಲಿ 300 ರೂಪಾಯಿಗೆ ತಂದದ್ದು, ನಿಂತುಹೋಗಿದೆ. ಇನ್ನೊಂದು ಲಕ್ಷ ದಾಟಿದ ಸ್ವಿಸ್ ಆಟೊಮ್ಯಾಟಿಕ್, ಸೆಲ್ ಇಲ್ಲದೆ ಕೈಯ ಚಲನೆಗೇ ಸ್ಪ್ರಿಂಗ್ ಸುತ್ತಿಕೊಂಡು ಓಡುವಂಥದ್ದು. ಹತ್ತು ದಿನಕ್ಕೆ 40 ಸೆಕೆಂಡು ಮುಂದೆ ಓಡುತ್ತದೆಂದು ದೂರು.

ಅದು ದೂರೇ ಅಲ್ಲ. ನಿಖರ ಸಮಯದ ವಾಚಿಗೆ ಕೊಡುವ ಸ್ವಿಸ್ ಕ್ರೊನೊಮೀಟರ್ ಪ್ರಮಾಣಪತ್ರಕ್ಕೆ ದಿನಕ್ಕೆ ಸರಾಸರಿ 4 ಸೆಕೆಂಡು ಹಿಂದೆ, 6 ಸೆಕೆಂಡು ಮುಂದೆ ಇದ್ದರೂ ನಡೆಯುತ್ತದೆ. ಜಾತ್ರೆ ವಾಚು ತಪ್ಪುವುದು ತಿಂಗಳಿಗೆ ಸುಮಾರು 15–20 ಸೆಕೆಂಡು. ಅದರ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಚಿಪ್ ಅದನ್ನು 15 ಸಲ ಅರ್ಧ ಮಾಡುತ್ತ ಬಂದರೆ ಉಳಿಯುವುದು ಒಂದೇ ಮಿಡಿತ, ಮುಳ್ಳಿನ ಒಂದು ಹೆಜ್ಜೆ. 1969ರಲ್ಲಿ ಸೈಕೊ ಮೊದಲ ಕ್ವಾರ್ಟ್ಜ್ ಕೈಗಡಿಯಾರ ಮಾರಾಟಕ್ಕಿಟ್ಟಾಗ ಬೆಲೆ 4,50,000 ಯೆನ್, ಆಗ ಒಂದು ಕಾರಿನ ದುಡ್ಡು!

ನಿಂತದ್ದಕ್ಕೆ ಬೇಕಿರುವುದು ಸೆಲ್ ಅಷ್ಟೆ. ಮೊದಲು ಹಳೇ ಟೂತ್‌ಬ್ರಷ್‌ನಿಂದ ಹಿಂಬದಿಯ ಬೆವರು, ಉಪ್ಪು ತೆಗೆಯಬೇಕು. ಇಲ್ಲದಿದ್ದರೆ ಮುಚ್ಚಳ ಎಬ್ಬಿಸುವಾಗ ಆ ಕೊಳೆ ಒಳಗೇ ಬೀಳುತ್ತದೆ. ಸೆಲ್ ಎತ್ತಲು ಪ್ಲಾಸ್ಟಿಕ್ ಚಿಮಟವೇ ಬೇಕು, ಲೋಹದ್ದು ಶಾರ್ಟ್ ಮಾಡುತ್ತದೆ. ಪಕ್ಕದ ತಾಮ್ರದ ಸುರುಳಿಗೆ ತುದಿ ತಾಗಿದರಂತೂ ಕಥೆ ಮುಗಿಯಿತು: ಕೂದಲಿಗಿಂತ ಸಪೂರ ತಂತಿ. ಹಾಕಬೇಕಾದ್ದು 377 ನಂಬರಿನ ಸಿಲ್ವರ್ ಆಕ್ಸೈಡ್, 1.55 ವೋಲ್ಟ್. ಅದೇ ಅಳತೆಯ ಆಲ್ಕಲೈನ್ ಸೆಲ್ ಅಗ್ಗ, ಆದರೆ ವೋಲ್ಟೇಜ್ ದಿನದಿನಕ್ಕೂ ಇಳಿಯುತ್ತದೆ, ಕೊನೆಗೆ ಸೋರಿ ಸರ್ಕಿಟ್ ತಿನ್ನುತ್ತದೆ. ವಾಚು ಕೆಟ್ಟಿತೆನ್ನುವಲ್ಲಿ ಎಷ್ಟೋ ಸಲ ಕೆಟ್ಟದ್ದು ಸೆಲ್ಲಿನ ಆಯ್ಕೆ. ಮುಚ್ಚಳದಡಿ ನೀರು ತಡೆಯುವ ರಬ್ಬರ್ ರಿಂಗಿಗೆ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ, ಅದು ಮಡಚಿಕೊಳ್ಳದಂತೆ ಮುಚ್ಚಬೇಕು.

ಮಳೆ ಸುರಿಯುವಾಗ ಮಾತ್ರ ವಾಚು ತೆರೆಯಬಾರದು. ಒಳಗೆ ಸಿಕ್ಕಿಕೊಂಡ ತೇವ ಎ.ಸಿ. ಬಸ್ ಹತ್ತಿದ ಕೂಡಲೇ ಗಾಜಿನಡಿ ಮಂಜಾಗಿ ಕೂರುತ್ತದೆ.

ಸಮಯದಲ್ಲಿ ಸೋತ ಲಕ್ಷದ ವಾಚು ಗೆಲ್ಲುವುದು ಮೈಕಟ್ಟಿನಲ್ಲಿ. ಕಡಲಗಾಳಿಗೆ ಅದರ 316ಎಲ್ ಸ್ಟೀಲ್, ಅಂದರೆ ಸುಲಭಕ್ಕೆ ತುಕ್ಕು ಹಿಡಿಯದ ಉಕ್ಕು, ತಡೆಯುತ್ತದೆ. ಜಾತ್ರೆ ವಾಚಿನ ಕ್ರೋಮ್ ಲೇಪನ ಮೊದಲು ಚುಕ್ಕೆಯಾಗಿ, ಆಮೇಲೆ ಸಿಪ್ಪೆಯಾಗಿ ಏಳುತ್ತದೆ. ಗಾಜಿನದೂ ಅದೇ ಪಾಡು. ಮೋಸ್ ಗಡಸುತನದ ಅಳತೆಯಲ್ಲಿ ಲಕ್ಷದ ವಾಚಿನ ನೀಲಮಣಿ ಗಾಜು 9, ಜಾತ್ರೆ ವಾಚಿನ ಸಾಧಾರಣ ಗಾಜು 6ರ ಆಸುಪಾಸು, ಟಾಗೋರ್ ಬೀಚಿನ ಮರಳಿನಲ್ಲಿರುವ ಕ್ವಾರ್ಟ್ಜ್ 7. ಒಳಗೆ ಕೂತು ಗಡಿಯಾರ ನಡೆಸುವ ಖನಿಜವೇ ಹೊರಗಿನಿಂದ ಅದರ ಮುಖ ಗೀಚುತ್ತದೆ.