ಕಿತ್ತಳೆಯ ಮೇಲೆ ಹಿಡಿದ ದಾರ

ತಂಗಿ ಇರುವ ಸ್ಯಾನ್‌ಫ್ರಾನ್ಸಿಸ್ಕೋಗೆ ಚಳಿಗಾಲದಲ್ಲಿ ಹೋಗಿಬರುವ ಮಾತು ಬಂದಾಗ ವಿರಾಜಪೇಟೆಯ ನಮ್ಮ ಮನೆಯಲ್ಲಿ ದೊಡ್ಡಮ್ಮ, "ಅಲ್ಲಿಗೆ ಎಷ್ಟು ಗಂಟೆಯ ದಾರಿ?" ಎಂದು ಕೇಳಿದರು. ಮಾಕುಟ್ಟ, ಸಂಪಾಜೆಯ ಘಾಟಿ ತಿರುವುಗಳಲ್ಲಿ ಓಡಾಡಿ ಬೆಳೆದ ನಮಗೆ ದೂರವನ್ನು ಗಂಟೆಗಳಲ್ಲಿ ಹೇಳುವುದೇ ರೂಢಿ. ಬೆಂಗಳೂರಿನಿಂದ ಸುಮಾರು 14,000 ಕಿ.ಮೀ. ಎಂದೆ. ಅದು ಉತ್ತರವಲ್ಲವೆಂದು ಅವರ ಮುಖವೇ ಹೇಳಿತು.

ಆ ಅಂಕಿ ಎಲ್ಲಿಂದ ಬಂತೆಂದು ತೋರಿಸಲು ಬುಟ್ಟಿಯಲ್ಲಿದ್ದ ಕಿತ್ತಳೆಯೊಂದನ್ನು ತೆಗೆದುಕೊಂಡು, ಪೆನ್ನಿನಿಂದ ಎರಡೂ ಊರುಗಳ ಗುರುತು ಹಾಕಿ, ಹೊಲಿಗೆಯ ದಾರವನ್ನು ಬಿಗಿಯಾಗಿ ಹಿಡಿದೆ. ಗೋಡೆಯ ಭೂಪಟದಲ್ಲಿ ಯುರೋಪು, ಅಟ್ಲಾಂಟಿಕ್ ದಾಟಿ ಅಡ್ಡಡ್ಡವಾಗಿ ಕಾಣುವ ದಾರಿ ಹಣ್ಣಿನ ಮೇಲೆ ತೊಟ್ಟಿನ ಹತ್ತಿರಕ್ಕೇ ಏರಿತು. ನಿಜವಾದ ಗೋಳದ ಮೇಲೆ ಈ ದಾರ ಟಿಬೆಟ್, ಸೈಬೀರಿಯಾಗಳ ಮೇಲೆ ಸಾಗಿ, ಆರ್ಕ್ಟಿಕ್ ವೃತ್ತವನ್ನು ದಾಟಿ, ಅಲಾಸ್ಕಾದ ಕಡೆಯಿಂದ ಕ್ಯಾಲಿಫೋರ್ನಿಯಾಕ್ಕೆ ಇಳಿಯುತ್ತದೆ.

ವಿಮಾನ ಮಾತ್ರ ದಾರದ ಮಾತು ಕೇಳುವುದಿಲ್ಲ. ಒಳಗಿನ ಗಾಳಿಯ ಒತ್ತಡ ಕುಸಿದರೆ ಅದು ಕೂಡಲೇ ಸುಮಾರು 10,000 ಅಡಿಗೆ ಇಳಿಯಬೇಕು. ಟಿಬೆಟ್ಟಿನ ನೆಲವೇ ಅದಕ್ಕಿಂತ ಎತ್ತರದಲ್ಲಿರುವುದರಿಂದ ವಿಮಾನಗಳು ಸಾಮಾನ್ಯವಾಗಿ ಆ ಪ್ರಸ್ಥಭೂಮಿಯ ಮೇಲೆ ಹಾರದೆ ಸುತ್ತಿಕೊಂಡು ಹೋಗುತ್ತವೆ. ಗಾಳಿಯ ಲೆಕ್ಕ ಇನ್ನೂ ಸ್ವಾರಸ್ಯದ್ದು. 2016ರಲ್ಲಿ ಏರ್ ಇಂಡಿಯಾ ತನ್ನ ದೆಹಲಿ–ಸ್ಯಾನ್‌ಫ್ರಾನ್ಸಿಸ್ಕೋ ವಿಮಾನವನ್ನು ಅಟ್ಲಾಂಟಿಕ್ ಬಿಡಿಸಿ ಪೆಸಿಫಿಕ್ ಮೇಲೆ ಹಾರಿಸಿದಾಗ ದಾರಿ ಸುಮಾರು 13,900ರಿಂದ 15,300 ಕಿ.ಮೀ.ಗೆ ಬೆಳೆಯಿತು, ಪಯಣದ ಸಮಯ ಮಾತ್ರ ಹದಿನಾಲ್ಕೂವರೆ ಗಂಟೆಗೆ ಇಳಿಯಿತು. ಹತ್ತು ಹನ್ನೆರಡು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ರಭಸವಾಗಿ ಬೀಸುವ ಗಾಳಿ ಹಿಂದಿನಿಂದ ನೂಕಿದರೆ ಸುತ್ತುದಾರಿಯೇ ಹತ್ತಿರ. ಮರಳುವಾಗ ಅದೇ ಗಾಳಿಗೆ ಎದೆಯೊಡ್ಡಬೇಕು. 2021ರ ಜನವರಿಯಲ್ಲಿ ಅಲ್ಲಿಂದ ಬೆಂಗಳೂರಿಗೆ ಮೊದಲ ನೇರ ವಿಮಾನವನ್ನು ಮಹಿಳಾ ಪೈಲಟ್‌ಗಳೇ ಉತ್ತರ ಧ್ರುವದ ಮೇಲಿನಿಂದ ತಂದಾಗ ಸುಮಾರು 17 ಗಂಟೆ ಹಿಡಿಯಿತು.

ಗಡಿಯಾರ ನೋಡಿದರೆ ಇನ್ನಷ್ಟು ಗೊಂದಲ. ಚಳಿಗಾಲದಲ್ಲಿ ಅಲ್ಲಿಯ ಸಮಯ ನಮಗಿಂತ ಹದಿಮೂರೂವರೆ ಗಂಟೆ ಹಿಂದಿರುವುದರಿಂದ, ಮಧ್ಯಾಹ್ನ ಎರಡಕ್ಕೆ ಬೆಂಗಳೂರು ಬಿಟ್ಟು 16 ಗಂಟೆ ಹಾರಿದವರು ಅದೇ ದಿನ ಸಂಜೆ ನಾಲ್ಕೂವರೆಗೆ ಇಳಿಯುತ್ತಾರೆ. ದೊಡ್ಡಮ್ಮ ಇದನ್ನು ನಂಬಲಿಲ್ಲ.

ನಮ್ಮ ಜಿಲ್ಲೆಯಲ್ಲಿ ರೈಲೂ ಇಲ್ಲ, ವಿಮಾನ ನಿಲ್ದಾಣವೂ ಇಲ್ಲ. ಗೋಣಿಕೊಪ್ಪ, ಹುಣಸೂರು, ಮೈಸೂರು ಹಾದು, ಬೆಂಗಳೂರನ್ನು ಸೀಳಿಕೊಂಡು ದೇವನಹಳ್ಳಿ ಮುಟ್ಟಲು ಮುನ್ನೂರು ಕಿ.ಮೀ.ಗೆ ತುಸು ಕಡಿಮೆ, ಏಳು ಗಂಟೆ. ನಿಲ್ದಾಣದಲ್ಲಿ ಮೂರು, ಆಕಾಶದಲ್ಲಿ ಹದಿನಾರು, ಇಳಿದ ಮೇಲೆ ಸಾಲಿನಲ್ಲಿ ನಿಂತು, ನಮ್ಮ ಕೊಡಗಿನ ಕಪ್ಪು ಹುಳಿಯಾದ ಕಾಚಂಪುಳಿಯ ಬಾಟಲಿಯಲ್ಲಿ ಏನಿದೆಯೆಂದು ವಿವರಿಸಿ ಹೊರಬರಲು ಎರಡು. ಕೂಡಿಸಿ, ನೇರ ವಿಮಾನ ಸಿಕ್ಕರೆ 28 ಗಂಟೆಯ ದಾರಿ ಎಂದೆ.

"ಹುಣಸೂರಿನಲ್ಲಿ ಕಾಫಿಗೆ ನಿಲ್ಲಿಸುವುದನ್ನು ಸೇರಿಸಿದ್ದೀಯಾ?" ಎಂದರು ದೊಡ್ಡಮ್ಮ, ದಾರ ಬಿಚ್ಚಿ ಕಿತ್ತಳೆ ಸುಲಿಯುತ್ತ.

ಸೇರಿಸಿರಲಿಲ್ಲ.