ಬ್ಲ್ಯಾಂಕ್ ಮಾಡಿದೆಯಾ?

ನಮ್ಮ ಕಾಲೇಜಿನ ಕೆಮಿಸ್ಟ್ರಿ ಲ್ಯಾಬ್ ಅಂದರೆ ನನಗೆ ಮೊದಲು ನೆನಪಾಗುವುದು ಕೊಳೆತ ಮೊಟ್ಟೆಯ ವಾಸನೆ. ಸಾಲ್ಟ್ ಅನಾಲಿಸಿಸ್, ಅಂದರೆ ಕೊಟ್ಟ ಉಪ್ಪಿನಲ್ಲಿ ಏನೇನಿದೆ ಅಂತ ಕಂಡುಹಿಡಿಯುವ ಪ್ರಯೋಗ, ಇದ್ದ ದಿನ ಕಾರಿಡಾರಿನ ಕೊನೆಯವರೆಗೂ ಅದೇ. ಕಿಪ್ಸ್ ಉಪಕರಣದ ನಲ್ಲಿ ತಿರುಗಿಸಿ ಹೈಡ್ರೋಜನ್ ಸಲ್ಫೈಡ್ ಬಿಟ್ಟರೆ, ತಿಳಿಯಾಗಿದ್ದ ದ್ರಾವಣ ಕಣ್ಣೆದುರೇ ಬಣ್ಣ ತಿರುಗುತ್ತಿತ್ತು. ಕಪ್ಪಾದರೆ ಸೀಸ ಇರಬಹುದು, ತಾಮ್ರ ಇರಬಹುದು. ಹಳದಿಯಾದರೆ ಕ್ಯಾಡ್ಮಿಯಂ. ಲೋಹಗಳನ್ನು ಗ್ರೂಪ್ ಗ್ರೂಪಾಗಿ ಬೇರ್ಪಡಿಸಿ ನೋಡುತ್ತಿದ್ದೆವು. ಮುಂದಿನ ಗ್ರೂಪಿನಲ್ಲಿ ಮಾಸಲು ಬಿಳಿ ಬಂದರೆ ಸತು. ಆಗ ನನಗೆ ಇದೆಲ್ಲ ಪ್ರಾಕ್ಟಿಕಲ್ ಪರೀಕ್ಷೆಗೆ ಬೇಕಾದ ಬಣ್ಣಗಳು, ಅಷ್ಟೇ. ಇವತ್ತು ನಾನು ಮಾಡುತ್ತಿರುವ ಕೆಲಸ ಇದೇ ರಸಾಯನಶಾಸ್ತ್ರದ ಮೇಲೆ ನಿಂತಿದೆ.

ಕೆಲಸ ಏನು ಅಂತ ಹೇಳಿಬಿಡುತ್ತೇನೆ. ನಾನೀಗ ಪೋಸ್ಟ್‌ಡಾಕ್. ಪಿಎಚ್‌ಡಿ ಮುಗಿದ ಮೇಲೆ, ಕಾಯಂ ಕೆಲಸ ಸಿಗುವ ಮೊದಲು, ಎರಡು ಮೂರು ವರ್ಷದ ಕರಾರಿನ ಮೇಲೆ ಮಾಡುವ ಸಂಶೋಧನೆ ಅದು. ನನ್ನ ವಿಷಯ ಹಳೆಯ ಕಾಲದ ಹವಾಮಾನ. ಅದನ್ನು ತಿಳಿಯಲು ನನ್ನ ಬಳಿ ಇರುವುದು ಸಮುದ್ರದ ಕೆಸರು.

ಕೆಸರು ತುಂಬಾ ನಿಧಾನವಾಗಿ ಕೂರುತ್ತದೆ. ದಡದಿಂದ ದೂರದ ಆಳ ಸಾಗರದಲ್ಲಿ ಸಾವಿರ ವರ್ಷಕ್ಕೆ ಒಂದೆರಡು ಸೆಂಟಿಮೀಟರ್, ಅಷ್ಟೇ. ಅದರೊಳಗೆ ಫೊರಾಮಿನಿಫೆರಾ ಎಂಬ ಏಕಕೋಶ ಜೀವಿಗಳ ಸುಣ್ಣದ ಚಿಪ್ಪುಗಳಿರುತ್ತವೆ. ಮರಳಿನ ಕಣದಷ್ಟು ಚಿಕ್ಕವು. ಚಿಪ್ಪು ಕಟ್ಟುವಾಗ ನೀರು ಬೆಚ್ಚಗಿತ್ತೋ ತಣ್ಣಗಿತ್ತೋ ಎಂಬುದು ಚಿಪ್ಪಿನಲ್ಲಿ ಉಳಿಯುತ್ತದೆ. ಹಗುರ ಆಮ್ಲಜನಕ-16, ಭಾರದ ಆಮ್ಲಜನಕ-18 ಎಷ್ಟೆಷ್ಟು ಸೇರಿವೆ ಎಂಬ ಪ್ರಮಾಣ ನೀರಿನ ತಾಪಕ್ಕೆ ತಕ್ಕಂತೆ ಬದಲಾಗುತ್ತದೆ. ಇದಕ್ಕೆ ಲೆಕ್ಕದ ಅಡಿಪಾಯ ಹಾಕಿದ್ದು ಹೆರಾಲ್ಡ್ ಯೂರಿ ಅವರ 1947ರ ಪ್ರಬಂಧ. 1955ರಲ್ಲಿ ಚೆಸಾರೆ ಎಮಿಲಿಯಾನಿ ಸಾಗರದ ಕೆಸರಿಗೆ ಅದನ್ನು ಬಳಸಿ, ಹಿಮಯುಗಗಳು ಬಂದು ಹೋಗಿದ್ದನ್ನು ತೋರಿಸಿದರು.

ನಾನು ಓದುತ್ತಿರುವುದು ಅದಕ್ಕಿಂತ ತುಂಬಾ ಹಳೆಯ ಕಾಲ. ಸುಮಾರು 5 ಕೋಟಿ 60 ಲಕ್ಷ ವರ್ಷದ ಹಿಂದೆ ಭೂಮಿ ಇದ್ದಕ್ಕಿದ್ದಂತೆ ಕಾದಿತ್ತು. ಪೇಲಿಯೊಸೀನ್ ಯುಗ ಮುಗಿದು ಇಯೊಸೀನ್ ಶುರುವಾಗುವ ಹೊತ್ತು. ನಾವು ಅದನ್ನು ಪಿಇಟಿಎಂ (ಪೇಲಿಯೊಸೀನ್-ಇಯೊಸೀನ್ ಥರ್ಮಲ್ ಮ್ಯಾಕ್ಸಿಮಮ್) ಎನ್ನುತ್ತೇವೆ. ಕೆಲವು ಸಾವಿರ ವರ್ಷಗಳಲ್ಲಿ ಜಗತ್ತಿನ ಸರಾಸರಿ ತಾಪ 5 ಡಿಗ್ರಿಗೂ ಜಾಸ್ತಿ ಏರಿತು. ಅಂಟಾರ್ಕ್ಟಿಕಾ ಬಳಿಯ ಮಾಡ್ ರೈಸ್ ಎಂಬಲ್ಲಿ ಕೊಳವೆ ಇಳಿಸಿ ತೆಗೆದ ಕೆಸರಿನ ಉದ್ದನೆಯ ಕಂಬದಲ್ಲಿ, ಅಂದರೆ ಕೋರ್‌ನಲ್ಲಿ, ಕೆನೆಟ್ ಮತ್ತು ಸ್ಟಾಟ್ ಈ ಏರಿಕೆಯನ್ನು ಗುರುತಿಸಿ 1991ರಲ್ಲಿ ಪ್ರಕಟಿಸಿದರು. ಆಳ ಸಾಗರದ ತಳದ ಫೊರಾಮಿನಿಫೆರಾಗಳಲ್ಲಿ ಎಷ್ಟೋ ಜಾತಿಗಳು ಆಗ ಅಳಿದುಹೋದವು.

ಜರ್ಮನಿಯ ಬ್ರೆಮೆನ್‌ನಲ್ಲಿ ಸಾಗರದ ಕೋರ್‌ಗಳನ್ನು ಇಡುವ ದೊಡ್ಡ ಸಂಗ್ರಹವಿದೆ. ಒಳಗೆ ಸದಾ 4 ಡಿಗ್ರಿ ಚಳಿ. ಕೊಳವೆಯನ್ನು ಉದ್ದಕ್ಕೆ ಸೀಳಿ, ಅರ್ಧವನ್ನು ಮುಟ್ಟದೆ ಕಾಪಾಡುತ್ತಾರೆ, ಇನ್ನರ್ಧದಿಂದ ಸ್ಯಾಂಪಲ್ ಕೊಡುತ್ತಾರೆ. ದಕ್ಷಿಣ ಅಟ್ಲಾಂಟಿಕ್‌ನ ವಾಲ್ವಿಸ್ ರಿಡ್ಜ್‌ನಲ್ಲಿ 2003ರಲ್ಲಿ ಕೊರೆದು ತೆಗೆದ ಕೋರ್‌ಗಳನ್ನು ನಾನು ಅಲ್ಲಿ ನೋಡಿದೆ. ಬಿಳಿಚಿದ ಸುಣ್ಣದ ಕೆಸರು ಹೀಗೇ ಬರುತ್ತಾ ಬರುತ್ತಾ, ಒಂದು ಕಡೆ ಚಾಕುವಿನಿಂದ ಗೆರೆ ಎಳೆದ ಹಾಗೆ ನಿಂತುಬಿಡುತ್ತದೆ. ಅಲ್ಲಿಂದ ಮೇಲೆ ಕೆಂಗಂದು ಜೇಡಿ. ಅದರ ಮೇಲೆ ನಿಧಾನವಾಗಿ ಮತ್ತೆ ಬಿಳಿ. ಆ ಗೆರೆಯ ಮುಂದೆ ನಾನು ಬಹಳ ಹೊತ್ತು ನಿಂತಿದ್ದೆ. ಗೆರೆ ಯಾಕೆ ಅಂದರೆ, ಗಾಳಿಗೆ ಬಂದ ಅಪಾರ ಇಂಗಾಲದ ಡೈಆಕ್ಸೈಡ್ ಸಮುದ್ರಕ್ಕೆ ಇಳಿದು ನೀರನ್ನು ಆಮ್ಲದ ಕಡೆಗೆ ತಳ್ಳಿತು, ತಳದ ಸುಣ್ಣ ಕರಗಿಹೋಯಿತು. ಸುಣ್ಣ ಕರಗುವ ಆಳದ ಮಟ್ಟ 2 ಕಿಲೋಮೀಟರಿಗೂ ಹೆಚ್ಚು ಮೇಲೆ ಬಂದಿತ್ತು. ಉಪ್ಪಿಗೆ ತೆಳು ಆಮ್ಲ ಹಾಕಿ, ನೊರೆ ಬಂದರೆ ಕಾರ್ಬೊನೇಟ್ ಅಂತ ಬರೆಯುತ್ತಿದ್ದೆವಲ್ವಾ? ಸಾಲ್ಟ್ ಅನಾಲಿಸಿಸ್‌ನ ಮೊದಲ ಪರೀಕ್ಷೆ. ಒಂದಿಡೀ ಸಾಗರದಲ್ಲಿ ಹೆಚ್ಚುಕಡಿಮೆ ಅದೇ ನಡೆದಿತ್ತು. ಸಮುದ್ರ ಮತ್ತೆ ಸರಿಹೋಗಲು ಲಕ್ಷಕ್ಕೂ ಹೆಚ್ಚು ವರ್ಷ ಬೇಕಾಯಿತು. ಇವತ್ತು ನಾವು ಗಾಳಿಗೆ ಇಂಗಾಲ ಬಿಡುತ್ತಿರುವ ವೇಗ ಆಗಿನದಕ್ಕಿಂತ ಜಾಸ್ತಿ. ಇದನ್ನು ಬರೆಯುವಾಗ ನನಗೆ ಭಯವಾಗುತ್ತದೆ.

ನನ್ನ ಪಾಲಿನ ಪ್ರಶ್ನೆ ಆಮ್ಲಜನಕದ್ದು. ನೀರು ಬೆಚ್ಚಗಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ ನಿಲ್ಲುತ್ತದೆ. ಹಾಗಾದರೆ ಆಗ ಆಳವಿಲ್ಲದ ಸಮುದ್ರಗಳು ಉಸಿರುಗಟ್ಟಿದ್ದವೇ? ಎಷ್ಟು ಕಾಲ? ಇದಕ್ಕೆ ನಾನು ನೋಡುತ್ತಿರುವುದು ಡೆನ್ಮಾರ್ಕ್‌ನ ಫುರ್ ದ್ವೀಪದ ಕಪ್ಪು ಜೇಡಿ. ಅಲ್ಲಿನ ಕಡಲ ಬಂಡೆಯಲ್ಲಿ ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳ ತಿಳಿಬಣ್ಣದ ಮಣ್ಣು, ನಡುನಡುವೆ ಜ್ವಾಲಾಮುಖಿಯ ಕಪ್ಪು ಬೂದಿಯ ಗೆರೆಗಳು. ಅದರ ಕೆಳಗೆ ಸ್ಟಾಲೆಕ್ಲಿಂಟ್ ಜೇಡಿ. ಪಿಇಟಿಎಂ ಕಾಲದ್ದು. ಪುಸ್ತಕದ ಹಾಳೆಗಳ ಹಾಗೆ ತೆಳು ಪದರ ಪದರ. ತಳದಲ್ಲಿ ಹುಳುಗಳಿದ್ದಿದ್ದರೆ ಕೆಸರನ್ನು ಕಲಕಿ ಈ ಪದರಗಳನ್ನು ಅಳಿಸಿಬಿಡುತ್ತಿದ್ದವು. ಪದರ ಉಳಿದಿದೆ ಅಂದರೆ ಹುಳು ಬದುಕುವಷ್ಟು ಆಮ್ಲಜನಕ ಇರಲಿಲ್ಲ.

ಇಲ್ಲಿ ಮತ್ತೆ ಆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಆಮ್ಲಜನಕ ಮುಗಿದ ಮೇಲೆ ಬ್ಯಾಕ್ಟೀರಿಯಾಗಳು ಸಲ್ಫೇಟ್ ಬಳಸತೊಡಗುತ್ತವೆ, ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ. ಸಾಮಾನ್ಯವಾಗಿ ನೀರಿನಲ್ಲಿ ಕರಗಿಯೇ ಇರುವ ಮಾಲಿಬ್ಡಿನಮ್ ಆಗ ಗಂಧಕದ ಜೊತೆ ಸೇರಿ ಕೆಸರಿಗೆ ಅಂಟಿಕೊಳ್ಳುತ್ತದೆ. ಯುರೇನಿಯಂ ಕೂಡ ಕರಗದ ರೂಪಕ್ಕೆ ಬಂದು ಕೂರುತ್ತದೆ. ಸತು ಸಲ್ಫೈಡ್ ಆಗುತ್ತದೆ. ಆದ್ದರಿಂದ ಕಪ್ಪು ಜೇಡಿಯಲ್ಲಿ ಈ ಲೋಹಗಳನ್ನು ಅಳೆದರೆ, ಅಂದಿನ ನೀರಿನಲ್ಲಿ ಆಮ್ಲಜನಕ ಇತ್ತೋ ಇಲ್ಲವೋ ಹೇಳಬಹುದು. ಸಮುದ್ರದ ತಳ ತಾನೇ ಗ್ರೂಪ್ ಅನಾಲಿಸಿಸ್ ಮಾಡಿ ಇಟ್ಟಿದೆ ಅಂತ ನನಗೆ ಅನ್ನಿಸುತ್ತದೆ.

ಈಗ ಮೇಡಂ ವಿಷಯಕ್ಕೆ ಬರುತ್ತೇನೆ. ನಮಗೆ ಲ್ಯಾಬ್ ತೆಗೆದುಕೊಳ್ಳುತ್ತಿದ್ದ ಮೇಡಂ ಯಾರು ಅಂತ ನನ್ನ ಬ್ಯಾಚಿನವರಿಗೆ ಹೇಳಬೇಕಿಲ್ಲ. ಎರಡನೇ ವರ್ಷ ಒಂದು ಮಧ್ಯಾಹ್ನ ನನ್ನ ಉಪ್ಪಿನಲ್ಲಿ ಕಬ್ಬಿಣ ಇದೆ ಅಂತ ಬರೆದು ಸಹಿಗೆ ಕೊಟ್ಟೆ. ಕಬ್ಬಿಣ ಇದ್ದರೆ ಕೆಂಪಾಗಿಸುವ ಥಯೋಸೈನೇಟ್ ಹಾಕಿದಾಗ ಕೆಂಪು ಬಂದಿತ್ತು. ಮೇಡಂ ಸಹಿ ಹಾಕಲಿಲ್ಲ.

"ಬ್ಲ್ಯಾಂಕ್ ಮಾಡಿದೆಯಾ?"

"ಇಲ್ಲ ಮೇಡಂ. ಕೆಂಪು ಚೆನ್ನಾಗಿಯೇ ಬಂತು."

ಅವರು ಒಂದು ಖಾಲಿ ಟೆಸ್ಟ್ ಟ್ಯೂಬ್ ತೆಗೆದುಕೊಂಡರು. ನಾನು ಬಳಸಿದ್ದ ಬಾಟಲಿಯಿಂದಲೇ ಆಮ್ಲ ಸುರಿದರು. ಥಯೋಸೈನೇಟ್ ಎರಡು ಹನಿ. ಅದೂ ಕೆಂಪಾಯಿತು. ಕಬ್ಬಿಣ ಇದ್ದದ್ದು ಆಮ್ಲದಲ್ಲಿ.

"ಆಮ್ಲದಲ್ಲಿ ಏನಿದೆ ಅಂತ ನೋಡದೆ ಉಪ್ಪಿನಲ್ಲಿ ಏನಿದೆ ಅಂತ ಹೇಗೆ ಹೇಳ್ತೀಯಾ?" ಅಂದರು. ಬೈಯಲಿಲ್ಲ. ಪಕ್ಕದಲ್ಲೇ ನಿಂತು ಮೊದಲಿನಿಂದ ಮಾಡಿಸಿದರು. ಎಲ್ಲರೂ ಹೊರಟ ಮೇಲೂ ನಿಂತಿದ್ದರು.

ಪೋಸ್ಟ್‌ಡಾಕ್‌ನ ಮೊದಲ ವರ್ಷ ನಾನು ಇದನ್ನು ಮರೆತೆ. ಜೇಡಿಯನ್ನು ಒಣಗಿಸಿ, ಅಗೇಟ್ ಕಲ್ಲಿನ ಖಲ್ಲಿನಲ್ಲಿ ನುಣ್ಣಗೆ ಅರೆದು, ಟೆಫ್ಲಾನ್ ಬೀಕರಿನಲ್ಲಿ ಹೈಡ್ರೋಫ್ಲೋರಿಕ್ ಮತ್ತು ನೈಟ್ರಿಕ್ ಆಮ್ಲದಲ್ಲಿ ಕರಗಿಸುತ್ತೇವೆ. ಹೈಡ್ರೋಫ್ಲೋರಿಕ್ ಆಮ್ಲ ತುಂಬಾ ಅಪಾಯದ್ದು. ಚರ್ಮದಿಂದ ಒಳಗಿಳಿದು ಮೂಳೆಯವರೆಗೂ ಹೋಗುತ್ತದೆ. ಅದಕ್ಕೇ ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ ಕೈಗೆಟಕುವ ಹಾಗೆ ಇಟ್ಟುಕೊಂಡೇ ಕೂರಬೇಕು. ಒಂದು ಬ್ಯಾಚ್ ಕರಗಿ, ಆರಿ, ಮತ್ತೆ ಕರಗಲು ದಿನಗಟ್ಟಲೆ ಬೇಕು. ಹಾಟ್‌ಪ್ಲೇಟ್ ಮೇಲೆ ಇರುವ ಜಾಗವೂ ಕಡಿಮೆ. ಪ್ರತಿ ಬ್ಯಾಚಿಗೂ ಜೇಡಿ ಹಾಕದ ಒಂದು ಬೀಕರ್ ಇಡಬೇಕು, ಅದೇ ಬ್ಲ್ಯಾಂಕ್. ಜಾಗ ಉಳಿಸೋಣ ಅಂತ ನಾನು ಮೊದಲ ಬ್ಯಾಚಿಗೆ ಮಾತ್ರ ಇಟ್ಟೆ. ಅದು ಶುದ್ಧವಾಗಿತ್ತು. ಮುಂದಿನ ಮೂರಕ್ಕೆ ಇಡಲಿಲ್ಲ.

ಫಲಿತಾಂಶ ನೋಡಿ ಖುಷಿಯಾಯಿತು. ಕಪ್ಪು ಜೇಡಿಯ ನಡುವೆ ಸತು ಸರ್ರನೆ ಏರಿತ್ತು. ನಾನು ಕಾಯುತ್ತಿದ್ದದ್ದೇ ಅದು. ಗ್ರಾಫ್ ಮಾಡಿ ಗುಂಪಿನ ಎಲ್ಲರಿಗೂ ತೋರಿಸಿದೆ. ಆ ರಾತ್ರಿ ಅಂಕಿಗಳನ್ನು ಮತ್ತೆ ಜೋಡಿಸುವಾಗ ಒಂದು ಕಂಡಿತು. ಸತು ಏರಿದ್ದು ಎರಡನೇ ಬ್ಯಾಚ್ ಶುರುವಾಗುವ ಸ್ಯಾಂಪಲ್‌ನಿಂದ ಸರಿಯಾಗಿ. ಮಾಲಿಬ್ಡಿನಮ್ ಅದಕ್ಕಿಂತ ಕೆಳಗಿನ ಪದರದಲ್ಲೇ ಏರಲು ಶುರುವಾಗಿತ್ತು. ಮೇಡಂ ದನಿ ಕೇಳಿದ ಹಾಗಾಯಿತು. ಬೆಳಿಗ್ಗೆ ಎದ್ದು ಸುಮ್ನೆ ಆಮ್ಲ ಮಾತ್ರ ಹಾಕಿ ಆರು ಬೀಕರ್ ಇಟ್ಟೆ. ಆರರಲ್ಲೂ ಸತು. ಬಳಸಿದ ವಸ್ತುಗಳನ್ನು ಒಂದೊಂದಾಗಿ ತೆಗೆದು ನೋಡಿದಾಗ ಸಿಕ್ಕಿದ್ದು ಕೈಗವಸು. ಮೊದಲ ಬ್ಯಾಚ್ ಆದ ಮೇಲೆ ಹೊಸ ಡಬ್ಬಿ ಒಡೆದಿದ್ದೆ. ಅದು ಪೌಡರ್ ಹಚ್ಚಿದ ಗ್ಲೌಸ್. ಆ ಪೌಡರಿನಲ್ಲಿ ಸತು ಇತ್ತು.

ಮೂರೂ ಬ್ಯಾಚ್ ಬಿಟ್ಟೆ. ಮಾಲಿಬ್ಡಿನಮ್, ಯುರೇನಿಯಂ ಅಂಕಿಗಳು ಬಹುಶಃ ಸರಿಯೇ ಇದ್ದವು. ಆದರೆ ಬ್ಲ್ಯಾಂಕ್ ಇಲ್ಲದ ಅಂಕಿಗೆ ಸಹಿ ಹಾಕಲು ನನಗೆ ಮನಸ್ಸಾಗಲಿಲ್ಲ. ಮತ್ತೆ ಅರೆದೆ, ಮತ್ತೆ ಕರಗಿಸಿದೆ. ಕರಾರಿನಲ್ಲಿ ನಾಲ್ಕು ತಿಂಗಳು ಹೋಯಿತು. ಪೋಸ್ಟ್‌ಡಾಕ್‌ಗೆ ನಾಲ್ಕು ತಿಂಗಳು ತುಂಬಾ ದೊಡ್ಡದು, ಅದು ಮುಂದಿನ ಕೆಲಸದ ಅರ್ಜಿಗೆ ಬೇಕಾದ ಪೇಪರ್. ಹೊಸ ಅಂಕಿಗಳಲ್ಲಿ ಸತುವಿನ ಆ ಏರಿಕೆ ಹೆಚ್ಚುಕಡಿಮೆ ಮಾಯವಾಗಿತ್ತು. ಮಾಲಿಬ್ಡಿನಮ್ ಮತ್ತು ಯುರೇನಿಯಂ ಮಾತ್ರ ಮೊದಲಿನ ಜಾಗದಲ್ಲೇ ನಿಂತಿದ್ದವು. ಬ್ಲ್ಯಾಂಕ್‌ನಲ್ಲಿ ಬಂದ ಅಂಕಿಯನ್ನು ಕಳೆದ ಮೇಲೂ.

ಹೋದ ತಿಂಗಳು ಮೇಡಂಗೆ ಫೋನ್ ಮಾಡಿದೆ. ನಿವೃತ್ತರಾಗಿದ್ದಾರೆ, ದನಿ ಹಾಗೇ ಇದೆ. ಕಪ್ಪು ಜೇಡಿ, ಗ್ಲೌಸ್, ಸತು, ಎಲ್ಲವನ್ನೂ ಹೇಳಿದೆ. ನಡುವೆ ಒಂದು ಮಾತೂ ಆಡದೆ ಕೇಳಿದರು.

"ಗ್ಲೌಸ್ ವಿಷಯ ಪೇಪರಿನಲ್ಲಿ ಬರೀತೀಯಾ? ಬೇರೆಯವರೂ ಅದೇ ಡಬ್ಬಿ ಒಡೆದಿರ್ತಾರೆ."

ಬರೆದಿದ್ದೇನೆ, ಮೇಡಂ. ವಿಧಾನದ ಭಾಗದಲ್ಲಿ, ಮೂರು ಸಾಲು.